ಮಾಡಿಸುವ ಬರಹ

ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.

ನಮ್ಮ ಕನ್ನಡ ತರಗತಿಗಳಲ್ಲಿ ನಾವು ಪಂಪನನ್ನು ಓದುತ್ತೇವೆ, ವಚನಗಳನ್ನು ಓದುತ್ತೇವೆ, ನವೋದಯದ ಕವಿತೆಗಳನ್ನೂ ಇಂದಿನ ಕಥೆಗಳನ್ನೂ ಓದುತ್ತೇವೆ. ಗದ್ಯವೆಂದರೆ ಪ್ರಬಂಧ, ಕಾದಂಬರಿ, ಜೀವನಚರಿತ್ರೆ, ವಿಮರ್ಶೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಆದರೆ ನಮ್ಮ ನಾಡಿನ ಸಾಮಾನ್ಯ ಜನರ ಕೈಗೆ ದಿನನಿತ್ಯವೂ ಬರುವ ಗದ್ಯ ಇವುಗಳಲ್ಲಿ ಯಾವುದೂ ಅಲ್ಲ. ಅದು ಔಷಧದ ಡಬ್ಬಿಯೊಳಗೆ ಮಡಿಸಿಟ್ಟ ಚೀಟಿಯಲ್ಲಿದೆ. ಬೀಜದ ಪೊಟ್ಟಣದ ಬೆನ್ನಮೇಲಿದೆ. ಅರ್ಜಿಯ ನಮೂನೆಯ ಕೆಳಗೆ ಸಣ್ಣಕ್ಷರದಲ್ಲಿದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಕೊಂಡಿದೆ. ಇದಕ್ಕೆ ಕರ್ತೃವಿನ ಹೆಸರಿಲ್ಲ, ವಿಮರ್ಶಕನಿಲ್ಲ, ಪ್ರಶಸ್ತಿಯಿಲ್ಲ. ಇದನ್ನು ಸಂತೋಷಕ್ಕಾಗಿ ಓದುವವರೂ ಇಲ್ಲ. ಆದರೆ ಇದನ್ನು ತಪ್ಪಾಗಿ ತಿಳಿದುಕೊಂಡರೆ ಬೆಳೆ ಸುಟ್ಟೀತು, ಮೋಟಾರು ಸುಟ್ಟೀತು, ಒಮ್ಮೊಮ್ಮೆ ಪ್ರಾಣವೂ ಹೋದೀತು.

ಇಂಥ ಬರಹಕ್ಕೆ ತಾಂತ್ರಿಕ ಬರಹ, ಸೂಚನಾ ಬರಹ ಎಂಬ ಹೆಸರುಗಳುಂಟು. ಇದರ ಲಕ್ಷಣಗಳೇನು, ನಮ್ಮ ಭಾಷೆಯಲ್ಲಿ ಇದು ಹೇಗಿದೆ, ಹೇಗಿರಬೇಕು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೂಚನೆಯನ್ನು ಕೈಯಲ್ಲಿ ಹಿಡಿದ ಮನುಷ್ಯ, ಓದಿ ಹೇಳುವ ಮತ್ತೊಬ್ಬನ ಹಂಗಿಲ್ಲದೆ, ತನ್ನ ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಬೇಕು. ಒಳ್ಳೆಯ ಸೂಚನೆಗೆ ಇದೊಂದೇ ಪರೀಕ್ಷೆ. ಈ ಪರೀಕ್ಷೆಗೆ ಕೂರಿಸಿದರೆ ಇಂದಿನ ಕನ್ನಡ ಸೂಚನೆಗಳಲ್ಲಿ ಬಹಳಷ್ಟು ನಪಾಸಾಗುತ್ತವೆ. ಆ ದೋಷ ಓದುವವನದೂ ಅಲ್ಲ, ಕನ್ನಡದ್ದೂ ಅಲ್ಲ.

ಬರಹಗಳಲ್ಲಿ ತಿಳಿಸುವ ಬರಹವೊಂದು, ಮಾಡಿಸುವ ಬರಹವೊಂದು. ಮಳೆ ಹೇಗೆ ಬರುತ್ತದೆಂದು ವಿವರಿಸುವುದು ತಿಳಿಸುವ ಬರಹ. ಕನ್ನಡದಲ್ಲಿ ಇದಕ್ಕೆ ಗೌರವದ ಪರಂಪರೆಯಿದೆ. ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಮುಂದೆ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಮಳೆಯ ನೀರನ್ನು ಬಾವಿಗೆ ಇಳಿಸಲು ಗುಂಡಿ ಎಷ್ಟು ಆಳ ತೆಗೆಯಬೇಕು, ತಳಕ್ಕೆ ದಪ್ಪ ಕಲ್ಲು ಮೊದಲೋ ಮರಳು ಮೊದಲೋ ಎಂದು ಹೇಳುವುದು ಮಾಡಿಸುವ ಬರಹ. ಮೊದಲನೆಯದನ್ನು ಓದಿದವನು ಪುಸ್ತಕ ಮುಚ್ಚಿ ಯೋಚಿಸುತ್ತಾನೆ; ಎರಡನೆಯದನ್ನು ಓದಿದವನು ಗುದ್ದಲಿ ಹಿಡಿಯುತ್ತಾನೆ. ಇವೆರಡಲ್ಲದೆ ಮೂರನೆಯದೊಂದು ಬರಹವೂ ಈಚೆಗೆ ವಿಪರೀತವಾಗಿ ಬೆಳೆದಿದೆ. ಅದನ್ನು ತಪ್ಪಿಸಿಕೊಳ್ಳುವ ಬರಹ ಎನ್ನಬಹುದು. ನಾಳೆ ಏನಾದರೂ ಅನಾಹುತವಾದರೆ “ನಾವು ಹೇಳಿದ್ದೆವಲ್ಲ, ಚೀಟಿಯಲ್ಲಿ ಇದೆಯಲ್ಲ” ಎಂದು ತೋರಿಸುವುದಕ್ಕಾಗಿ ಅಚ್ಚು ಹಾಕಿಸಿದ ಬರಹ ಅದು. ಮಾಡಿಸುವ ಬರಹದ ವೇಷವನ್ನು ತೊಟ್ಟುಕೊಂಡು ಬರುವುದರಿಂದಲೇ ಅದು ಅಪಾಯಕಾರಿ.

ಮಾಡಿಸುವ ಬರಹ ಕನ್ನಡಕ್ಕೆ ಇಂಗ್ಲಿಷಿನಿಂದ ಬಂದದ್ದೆಂದು ಭಾವಿಸುವವರುಂಟು. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥವಾದ ‘ಕವಿರಾಜಮಾರ್ಗ’ವೇ ಒಂದು ಕೈಪಿಡಿಯಲ್ಲವೆ? ೯ನೆಯ ಶತಮಾನದ ಆ ಗ್ರಂಥ ಕಾವ್ಯ ಬರೆಯುವವನಿಗೆ ಹೀಗೆ ಮಾಡು, ಹೀಗೆ ಮಾಡಬೇಡ ಎಂದು ಲಕ್ಷ್ಯಗಳ ಸಹಿತ ಹೇಳುತ್ತದೆ. ೧೦೨೫ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದನು. ನೆಲದಲ್ಲಿ ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧದ್ರವ್ಯಗಳ ತಯಾರಿಕೆ, ಅಡಿಗೆ, ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆ—ಇವೆಲ್ಲ ಅದರೊಳಗಿವೆ. ೧೨ನೆಯ ಶತಮಾನದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ವೂ ರಾಜಾದಿತ್ಯನ ‘ವ್ಯವಹಾರಗಣಿತ’ವೂ ಬಂದವು, ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಅಡಿಗೆಯ ಮೇಲೆಯೇ ‘ಸೂಪಶಾಸ್ತ್ರ’ವೆಂಬ ಷಟ್ಪದಿ ಕೃತಿಯನ್ನು ರಚಿಸಿದನು. ಅಡಿಗೆಗೆ ಷಟ್ಪದಿಯೇಕೆ ಎಂದು ನಾವು ಇಂದು ನಗಬಹುದು. ಆದರೆ ಓಲೆಗರಿಯನ್ನು ಒಲೆಯ ಮುಂದೆ ಹಿಡಿದು ಕೂರಲಾದೀತೆ? ಕಂಠಪಾಠವಾಗಿದ್ದರೆ ಬೇಕಾದಾಗ ನಾಲಿಗೆಗೆ ಬರುತ್ತದೆ. ಅಂದರೆ ಓದುಗನ ಸ್ಥಿತಿಗತಿಗೆ ತಕ್ಕ ರೂಪವನ್ನು ಆ ಹಿರಿಯರು ಆರಿಸಿಕೊಂಡಿದ್ದರು. ಇಂದಿನ ಸೂಚನೆಗಳಲ್ಲಿ ಕಾಣದಿರುವುದು ಈ ವಿವೇಕವೇ.

ಇನ್ನು ಲಕ್ಷಣಗಳನ್ನು ನೋಡೋಣ. ಕಾವ್ಯಮೀಮಾಂಸೆಯ ಪಾಠವನ್ನು ಕೇಳಿದ ನಮಗೆ ಇಲ್ಲಿ ಒಂದು ವಿನೋದ ಕಾದಿದೆ. ಅಲ್ಲಿಯ ಗುಣ ಇಲ್ಲಿ ದೋಷ. ಅಲ್ಲಿಯ ದೋಷ ಇಲ್ಲಿ ಗುಣ. ಕಾವ್ಯಕ್ಕೆ ಧ್ವನಿಯೇ ಆತ್ಮವೆಂದು ಆನಂದವರ್ಧನನು ಸಾಧಿಸಿದನು. ಒಂದು ಮಾತಿನಿಂದ ಹತ್ತು ಅರ್ಥ ಹೊಮ್ಮಿದರೆ ಸಹೃದಯನು ತಲೆದೂಗುತ್ತಾನೆ. ಸೂಚನೆಯಲ್ಲಿ ಒಂದು ಮಾತಿಗೆ ಎರಡು ಅರ್ಥ ಬಂದರೂ ಕೆಲಸ ಕೆಟ್ಟಿತು. ‘ಆರಿಸಿ’ ಎಂಬ ನಮ್ಮ ಸರಳವಾದ ಮಾತನ್ನೇ ನೋಡಿ. ದೀಪವನ್ನು ಆರಿಸಿ ಎಂದರೆ ನಂದಿಸಿ. ಹಾಲನ್ನು ಆರಿಸಿ ಎಂದರೆ ಬಿಸಿ ಇಳಿಸಿ. ಅಕ್ಕಿಯನ್ನು ಆರಿಸಿ ಎಂದರೆ ಕಲ್ಲು ಹೆಕ್ಕಿ. ಫೋನಿನ ಪರದೆಯ ಮೇಲೆ ‘ಆರಿಸಿ’ ಎಂದಿದ್ದರೆ ಇವುಗಳಲ್ಲೊಂದನ್ನು ಆಯ್ದುಕೊಳ್ಳಿ. ಕವಿಗೆ ಇದು ಶ್ಲೇಷದ ಭಾಗ್ಯ. ಸೂಚನೆ ಬರೆಯುವವನಿಗೆ ಮುಳ್ಳು.

ಹಾಗೆಯೇ ಪುನರುಕ್ತಿ. ಹೇಳಿದ್ದನ್ನೇ ಹೇಳಬಾರದು, ಒಮ್ಮೆ ‘ಕಮಲ’ವೆಂದರೆ ಇನ್ನೊಮ್ಮೆ ‘ತಾವರೆ’ ಎನ್ನಬೇಕು ಎಂದು ಪ್ರಬಂಧ ಬರೆಯುವಾಗ ನಾವು ಕಲಿತಿದ್ದೇವೆ. ಸೂಚನೆಯಲ್ಲಿ ಮೊದಲ ಸಾಲಿನಲ್ಲಿ ‘ಡಬ್ಬಿ’ ಎಂದಿದ್ದರೆ ಕಡೆಯ ಸಾಲಿನವರೆಗೂ ಅದು ಡಬ್ಬಿಯೇ ಆಗಿರಬೇಕು. ನಡುವೆ ‘ಧಾರಕ’ವೆಂದೂ ‘ಪಾತ್ರೆ’ಯೆಂದೂ ‘ಸಂಪುಟ’ವೆಂದೂ ಬಂದರೆ ಓದುವವನು ತನ್ನ ಮುಂದಿರುವ ಒಂದು ಡಬ್ಬಿಯ ಜೊತೆಗೆ ಇಲ್ಲದ ಮೂರನ್ನು ಹುಡುಕುತ್ತಾನೆ.

ಎರಡನೆಯ ಲಕ್ಷಣ ಕ್ರಮ. ಕೈ ಯಾವುದನ್ನು ಮೊದಲು ಮಾಡಬೇಕೋ ಕಣ್ಣು ಅದನ್ನೇ ಮೊದಲು ಕಾಣಬೇಕು. ಎಚ್ಚರಿಕೆಯಂತೂ ಕೆಲಸಕ್ಕಿಂತ ಮುಂಚೆ ಬರಬೇಕು. ಅಡಿಗೆ ಅನಿಲ ಸೋರುತ್ತಿರುವ ಮನೆಯನ್ನು ಭಾವಿಸಿಕೊಳ್ಳಿ. ಅಲ್ಲಿ ಮೊದಲ ಮಾತು “ಕರೆಂಟಿನ ಸ್ವಿಚ್ಚು ಮುಟ್ಟಬೇಡಿ. ಹಾಕಲೂ ಬೇಡಿ, ತೆಗೆಯಲೂ ಬೇಡಿ” ಎಂದಿರಬೇಕು. ರೆಗ್ಯುಲೇಟರ್ ಮುಚ್ಚುವುದು, ಬಾಗಿಲು ಕಿಟಕಿ ತೆರೆಯುವುದು, ಹೊರಗೆ ಬಂದು ೧೯೦೬ಕ್ಕೆ ಫೋನು ಮಾಡುವುದು ಅನಂತರದ ಮಾತು. ಸ್ವಿಚ್ಚಿನ ಮಾತನ್ನು ಐದನೆಯ ಸಾಲಿಗಿಟ್ಟರೆ, ಕತ್ತಲೆಯಲ್ಲಿ ಚೀಟಿ ಓದುವುದಕ್ಕಾಗಿಯೇ ದೀಪ ಹಾಕಿದವನು ಆ ಸಾಲನ್ನು ತಲುಪುವುದೇ ಇಲ್ಲ. ಇಲ್ಲಿ ಕಾರಣವನ್ನು ಒಂದು ಮಾತಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು: ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೇ ಸಾಕು, ಈ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಕಾರಣ ತಿಳಿದವನು ಸೂಚನೆಯಲ್ಲಿ ಹೇಳದೆ ಇರುವ ಸಂದರ್ಭದಲ್ಲಿಯೂ ಸರಿಯಾಗಿ ನಡೆಯುತ್ತಾನೆ.

ಕ್ರಮದ ವಿಷಯದಲ್ಲಿ ಕನ್ನಡಕ್ಕೆ ಹುಟ್ಟಿನಿಂದಲೇ ಬಂದ ಒಂದು ಅನುಕೂಲವಿದೆ. “ತೊಳೆದು, ಒರಸಿ, ಒಣಗಿಸಿ, ಮುಚ್ಚಿಡಿ” ಎಂದರೆ ಸಾಕು. ಯಾವುದರ ಹಿಂದೆ ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಅಜ್ಜಿಯರ ಅಡಿಗೆಯ ಮಾತೆಲ್ಲ ಈ ಧಾಟಿಯದೇ. ಆದರೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕಡೆಗೆ ಬರುತ್ತದೆಂಬುದನ್ನು ಮರೆಯಬಾರದು. ಇಂಗ್ಲಿಷಿನ ಉದ್ದನೆಯ ವಾಕ್ಯವನ್ನು ಇದ್ದಕ್ಕಿದ್ದ ಹಾಗೆ ಕನ್ನಡಕ್ಕೆ ಎಳೆದು ತಂದರೆ, ಓದುವವನು ಮೂರು ಸಾಲು ಉಸಿರು ಬಿಗಿಹಿಡಿದು, ಮಾಡಬೇಕೋ ಬಿಡಬೇಕೋ ಎಂಬ ತೀರ್ಪಿಗಾಗಿ ಕಡೆಯ ಪದದವರೆಗೂ ಕಾಯಬೇಕಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ಸೂಚನೆಯ ವಾಕ್ಯ ಗಿಡ್ಡಗಿರಬೇಕೆನ್ನುವುದು ಶೈಲಿಯ ಶೋಕಿಗಾಗಿ ಅಲ್ಲ; ಭಾಷೆಯ ಜಾಯಮಾನವೇ ಅದನ್ನು ಕೇಳುತ್ತದೆ.

ಮೂರನೆಯದು ಅಳತೆ. ಇದರ ಜೊತೆಗೆ ಹದವನ್ನೂ ಸೇರಿಸುತ್ತೇನೆ. ಮುದ್ದೆ ಮಾಡುವುದು ಹೇಗೆಂದು ಅವ್ವನನ್ನು ಕೇಳಿದರೆ “ಹದ ನೋಡಿಕೊಂಡು ಹಿಟ್ಟು ಹಾಕು” ಎನ್ನುತ್ತಾಳೆ. ಬಲ್ಲವರಿಗೆ ಆ ಒಂದು ಮಾತು ಸಾಕು. ಬಲ್ಲದವರಿಗೆ ಅದು ಮುಚ್ಚಿದ ಬಾಗಿಲು. ಸೂಚನೆ ಬರೆಯುವವನು ಹದವೆಂಬ ಮಾತನ್ನು ಒಡೆದು ಕಣ್ಣಿಗೆ ಕೈಗೆ ಸಿಕ್ಕುವ ಗುರುತುಗಳನ್ನಾಗಿ ಮಾಡಬೇಕು: ನೀರು ಕೊತಕೊತ ಕುದಿಯಬೇಕು, ತೆಗೆಯುವ ಮುಂಚೆ ಒದ್ದೆ ಬೆರಳಿನಿಂದ ಮುಟ್ಟಿದರೆ ಹಿಟ್ಟು ಅಂಟಬಾರದು. ಗುರುತು ಕೊಟ್ಟರೆ ಹೊಸಬನೂ ಬಲ್ಲವನಾಗುತ್ತಾನೆ. ಕೊಡದಿದ್ದರೆ ವಿದ್ಯೆ ಬಲ್ಲವರ ಮನೆಯಲ್ಲಿಯೇ ಉಳಿಯುತ್ತದೆ. ನಮ್ಮ ದೇಶದಲ್ಲಿ ವಿದ್ಯೆ ಹಾಗೆ ಕೆಲವರ ಮನೆಗಳಲ್ಲಿಯೇ ಎಷ್ಟು ಶತಮಾನ ಉಳಿದಿತ್ತೆಂಬುದನ್ನು ಮೊದಲ ತಲೆಮಾರಿನಲ್ಲಿ ಕಾಲೇಜಿಗೆ ಬಂದ ನನ್ನಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಲಕ್ಷಣಗಳನ್ನು ಇಟ್ಟುಕೊಂಡು ನಾನು ಹತ್ತಿರದಿಂದ ಕಂಡ ಒಂದು ಜಾತಿಯ ಬರಹವನ್ನು ಪರೀಕ್ಷಿಸುತ್ತೇನೆ. ನಮ್ಮದು ಈರುಳ್ಳಿ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಊರು. ನಮ್ಮ ತಂದೆ ನಾಲ್ಕನೆಯ ತರಗತಿಯವರೆಗೆ ಓದಿದವರು. ಅಕ್ಷರ ಕೂಡಿಸಿಕೊಂಡು ಓದಬಲ್ಲರು. ತಾಯಿಗೆ ಸಹಿ ಮಾತ್ರ ಬರುತ್ತದೆ. ನಾನು ರಜೆಗೆ ಊರಿಗೆ ಹೋದರೆ ಸಂಜೆ ನಮ್ಮ ಜಗುಲಿಗೆ ನಾಲ್ಕಾರು ಕಾಗದಗಳು ಬರುತ್ತವೆ. “ಇದ್ರಾಗೆ ಏನ್ ಬರ್ದೈತೆ ಒಂದೀಟು ನೋಡಪ್ಪಾ” ಎಂದು ಹಿರಿಯರು ಕೈಗೆ ಕೊಡುತ್ತಾರೆ. ಅವುಗಳಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕದ ಚೀಟಿ ಇದ್ದೇ ಇರುತ್ತದೆ.

೧೯೬೮ರ ಕೀಟನಾಶಕಗಳ ಕಾಯ್ದೆಯ ಆಧಾರದ ಮೇಲೆ ಬಂದ ೧೯೭೧ರ ನಿಯಮಗಳು, ಇಂಥ ಚೀಟಿ ಹಿಂದಿ ಇಂಗ್ಲಿಷುಗಳ ಜೊತೆಗೆ ಮಾಲು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಇರಬೇಕೆಂದು ವಿಧಿಸಿದವು. ಓದಲು ಬಾರದವರಿಗಾಗಿ ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕವನ್ನೂ ಗೊತ್ತುಮಾಡಿದವು. ಅದರ ಕೆಳಭಾಗದ ಬಣ್ಣ ವಿಷದ ತೀವ್ರತೆಯನ್ನು ತೋರಿಸುತ್ತದೆ: ಕೆಂಪು ಎಲ್ಲಕ್ಕಿಂತ ತೀಕ್ಷ್ಣ, ಅನಂತರ ಹಳದಿ, ನೀಲಿ, ಹಸಿರು. ಇದು ನಿಜವಾಗಿಯೂ ಒಳ್ಳೆಯ ಆಲೋಚನೆ. ಆದರೆ ಬಣ್ಣಕ್ಕೂ ಒಂದು ಭಾಷೆಯಿದೆ, ಅದನ್ನೂ ಕಲಿಸಬೇಕು. ಹಸಿರು ಎಂದರೆ ನಮ್ಮ ಜನಕ್ಕೆ ಪೈರು, ಸಮೃದ್ಧಿ, “ಹೋಗಬಹುದು” ಎನ್ನುವ ದೀಪ. ಈ ಚೌಕದಲ್ಲಿ ಹಸಿರೆಂದರೆ ಉಳಿದ ಮೂರಕ್ಕಿಂತ ಕಡಿಮೆ ವಿಷ ಎಂದಷ್ಟೇ ಅರ್ಥ, ವಿಷವಲ್ಲವೆಂದು ಅರ್ಥವಲ್ಲ.

ಮಾತಿನ ತೊಡಕು ಇನ್ನೂ ದೊಡ್ಡದು. ಹಳ್ಳಿಯಲ್ಲಿ ಇದಕ್ಕೆ ಇರುವ ಹೆಸರು ‘ಔಷಧಿ’. ಬೆಳೆಗೆ ಔಷಧಿ ಹೊಡೆದೆವು ಎನ್ನುತ್ತಾರೆ. ಜ್ವರಕ್ಕೆ ಕುಡಿಯುವುದೂ ಔಷಧಿಯೇ, ಹುಳಕ್ಕೆ ಹೊಡೆಯುವುದೂ ಔಷಧಿಯೇ. ಚೀಟಿಯಲ್ಲಿ ಅದೇ ವಸ್ತು ‘ಪೀಡೆನಾಶಕ’, ‘ಸದರಿ ಉತ್ಪನ್ನ’, ‘ಸಿಂಪರಣಾ ದ್ರಾವಣ’ ಎಂದು ಮೂರು ವೇಷದಲ್ಲಿ ಬರುತ್ತದೆ. “ನೀವು ಔಷಧಿ ಎನ್ನುವ ಇದು ವಿಷ” ಎಂಬ ನೇರವಾದ ವಾಕ್ಯ ನಾನು ಓದಿಹೇಳಿದ ಚೀಟಿಗಳಲ್ಲಿ ಒಂದರಲ್ಲಿಯೂ ಕಾಣಲಿಲ್ಲ.

ಆ ಚೀಟಿಗಳ ಧಾಟಿಯಲ್ಲಿ ಮಾದರಿಗೆಂದು ಒಂದು ವಾಕ್ಯವನ್ನು ನಾನೇ ಕಟ್ಟಿ ತೋರಿಸುತ್ತೇನೆ: “ಸಿಂಪರಣಾ ಕಾರ್ಯದಲ್ಲಿ ತೊಡಗಿರುವ ವ್ಯಕ್ತಿಗಳು ಸದರಿ ಅವಧಿಯಲ್ಲಿ ಧೂಮಪಾನ, ಆಹಾರ ಹಾಗೂ ಪಾನೀಯ ಸೇವನೆಗಳನ್ನು ವರ್ಜಿಸತಕ್ಕದ್ದು ಮತ್ತು ಕಾರ್ಯಾನಂತರ ಶರೀರದ ಕಲುಷಿತ ಭಾಗಗಳನ್ನು ಸಾಬೂನು ಮತ್ತು ಯಥೇಚ್ಛ ಜಲದಿಂದ ಸ್ವಚ್ಛಗೊಳಿಸತಕ್ಕದ್ದು.” ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಸಂಸ್ಕೃತ ಬಲ್ಲವರಿಗೆ ಅರ್ಥವೂ ಆಗುತ್ತದೆ. ಆದರೆ ಸಂಸ್ಕೃತ ಬಲ್ಲವರಲ್ಲಿ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಈರುಳ್ಳಿ ಹೊಲಕ್ಕೆ ಇಳಿಯುವವರು ಎಷ್ಟು ಮಂದಿ? ಅದನ್ನೇ ಹೀಗೆ ಬರೆಯಬಹುದು: “ಹೊಡೆಯುವಾಗ ಬೀಡಿ ಸೇದಬೇಡಿ. ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಎಲೆಅಡಿಕೆಯೂ ಬೇಡ. ಕೆಲಸ ಮುಗಿದ ಕೂಡಲೆ ಕೈ, ಕಾಲು, ಮುಖವನ್ನು ಸೋಪು ಹಚ್ಚಿ ತೊಳೆಯಿರಿ. ಆಮೇಲೆ ಊಟ.” ಇದರಲ್ಲಿ ಎಲೆಅಡಿಕೆಯ ಮಾತು ಅನುವಾದದಿಂದ ಬರತಕ್ಕದ್ದಲ್ಲ. ಹೊಲದ ಬದುವಿನಲ್ಲಿ ಒಂದು ಗಳಿಗೆ ನಿಂತು ನೋಡಿದವನಿಗೆ ಮಾತ್ರ, ಬೀಡಿ ಸೇದದವನೂ ಸುಣ್ಣ ತೀಡಿದ ಬೆರಳನ್ನು ಬಾಯಿಗೆ ತರುತ್ತಾನೆಂಬುದು ಹೊಳೆಯುತ್ತದೆ. ಹಾಗೆಯೇ “ಗಾಳಿಯ ದಿಕ್ಕಿನಲ್ಲಿ ಸಿಂಪಡಿಸಿ” ಎನ್ನುತ್ತಾರೆ. ಗಾಳಿ ಬರುವ ದಿಕ್ಕೋ, ಹೋಗುವ ದಿಕ್ಕೋ? “ಗಾಳಿ ಬೆನ್ನಿಗೆ ಬೀಸುವಂತೆ ನಿಂತು ಹೊಡೆಯಿರಿ” ಎಂದರೆ ಸಂಶಯಕ್ಕೆ ಎಡೆಯೇ ಇಲ್ಲ.

ಅಳತೆಯ ಕಥೆಯನ್ನಂತೂ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಚೀಟಿಯಲ್ಲಿ ಪ್ರಮಾಣವನ್ನು ಹೆಕ್ಟೇರಿಗೆ ಇಷ್ಟು ಎಂದು ಕೊಟ್ಟಿರುತ್ತಾರೆ. ಲೆಕ್ಕಕ್ಕೆಂದು ಹೆಕ್ಟೇರಿಗೆ ೫೦೦ ಮಿಲಿಲೀಟರ್ ವಿಷ, ೫೦೦ ಲೀಟರ್ ನೀರು ಎಂದಿಟ್ಟುಕೊಳ್ಳೋಣ. ರೈತನ ಜಮೀನು ಎಕರೆ ಗುಂಟೆಗಳಲ್ಲಿದೆ. ಒಂದು ಹೆಕ್ಟೇರಿಗೆ ೨.೪೭ ಎಕರೆ, ಒಂದು ಎಕರೆಗೆ ೪೦ ಗುಂಟೆ. ಅವನ ಬೆನ್ನಮೇಲಿನ ಟ್ಯಾಂಕು ಹಿಡಿಯುವುದು ೧೬ ಲೀಟರು. ಅವನ ಕೈಯಲ್ಲಿರುವ ಅಳತೆಯ ಸಾಧನ ಬಾಟಲಿಯ ಮುಚ್ಚಳ. ಈಗ ಅವನು ಹೆಕ್ಟೇರನ್ನು ಎಕರೆಗಿಳಿಸಿ, ಎಕರೆಗೆ ಸುಮಾರು ೨೦೦ ಮಿಲಿಲೀಟರ್ ಮತ್ತು ೨೦೦ ಲೀಟರ್ ನೀರು ಎಂದು ಕಂಡುಹಿಡಿದು, ಅದನ್ನು ಹನ್ನೆರಡೂವರೆ ಟ್ಯಾಂಕಿಗೆ ಹಂಚಿ, ಟ್ಯಾಂಕಿಗೆ ೧೬ ಮಿಲಿಲೀಟರ್ ಎಂದು ತೆಗೆದು, ಅಷ್ಟು ಮಿಲಿಲೀಟರಿಗೆ ಎಷ್ಟು ಮುಚ್ಚಳವೆಂದು ಊಹಿಸಬೇಕು. ಇದು ಬಿಸಿಲಿನಲ್ಲಿ ನಿಂತು ಮಾಡುವ ಲೆಕ್ಕವೆ? ಆದ್ದರಿಂದ ಅಂಗಡಿಯವನು “ಟ್ಯಾಂಕಿಗೆ ಒಂದು ಮುಚ್ಚಳ” ಎಂದದ್ದೇ ಶಾಸ್ತ್ರವಾಗುತ್ತದೆ. ಹುಳ ಸಾಯಲಿಲ್ಲವೆಂದರೆ ಮುಂದಿನ ಸಲ ಒಂದೂವರೆ ಮುಚ್ಚಳ. “೧೬ ಲೀಟರಿನ ಟ್ಯಾಂಕಿಗೆ ೧೬ ಮಿಲಿಲೀಟರ್, ಈ ಮುಚ್ಚಳದೊಳಗಿನ ಗೆರೆಯವರೆಗೆ” ಎಂದು ಬರೆದು ಮುಚ್ಚಳದಲ್ಲೊಂದು ಗೆರೆ ಕೊರೆಯಲು ಎಷ್ಟು ಖರ್ಚಾದೀತು? ಲೆಕ್ಕ ಮಾಡುವ ಭಾರ ಬರೆಯುವವನದಾಗಬೇಕು; ಅವನು ಒಮ್ಮೆ ಮಾಡಿದರೆ ಸಾವಿರಾರು ಮಂದಿ ಮಾಡುವುದು ತಪ್ಪುತ್ತದೆ.

ನನಗೆ ಹೆಚ್ಚು ನೋವುಂಟುಮಾಡುವುದು ಬೇರೊಂದು ಸಂಗತಿ. ಇಂಥ ಚೀಟಿಯನ್ನು ನಮ್ಮ ತಂದೆ ಎರಡು ಸಾಲು ಓದಿ ಮಡಿಸಿಟ್ಟು, “ನಾವು ಓದ್ಲಿಲ್ಲ, ನಮಗೆಲ್ಲಿ ತಿಳೀತೈತೆ” ಎನ್ನುತ್ತಾರೆ. ಮೂವತ್ತು ವರ್ಷ ಬೇಸಾಯ ಮಾಡಿದ ಮನುಷ್ಯ, ಮೋಡದ ಬಣ್ಣ ನೋಡಿ ಬಿತ್ತನೆಯ ದಿನ ಹೇಳುವ ಮನುಷ್ಯ, ಒಂದು ತುಂಡು ಕಾಗದದ ಮುಂದೆ ನಾಚಿಕೊಳ್ಳುತ್ತಾರೆ. ಬಿ.ಎ. ಓದುವ ನಾನೂ ಆ ವಾಕ್ಯಗಳನ್ನು ಮೂರು ಸಲ ಓದಬೇಕಾಗುತ್ತದೆಂಬುದು ಅವರಿಗೆ ತಿಳಿಯದು. ಆ ನಾಚಿಕೆ ನ್ಯಾಯವಾಗಿ ಬರೆದವನಿಗೆ ಸೇರಬೇಕಾದದ್ದು. ಕೆಟ್ಟ ಕವಿತೆಯನ್ನು ಓದಿದವನು ಕವಿಯನ್ನು ಬೈಯುತ್ತಾನೆ. ಕೆಟ್ಟ ಸೂಚನೆಯನ್ನು ಓದಿದವನು ತನ್ನನ್ನೇ ಬೈದುಕೊಳ್ಳುತ್ತಾನೆ. ಈ ಬರಹ ಸುಧಾರಿಸದೆ ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ನಂಬಿಕೆ.

ಸೂಚನೆಯನ್ನು ಚೆನ್ನಾಗಿ ಕೊಟ್ಟರೆ ಎಷ್ಟು ಸಾಧಿಸಬಹುದೆಂಬುದಕ್ಕೆ ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ ಒಂದು ಉಜ್ಜ್ವಲ ಉದಾಹರಣೆಯಿದೆ. ವಾಂತಿಭೇದಿಯಲ್ಲಿ ಮನುಷ್ಯನನ್ನು ಕೊಲ್ಲುವುದು ದೇಹದ ನೀರೂ ಉಪ್ಪೂ ಹರಿದುಹೋಗುವುದು. ಸಕ್ಕರೆ ಉಪ್ಪುಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದ ನೀರನ್ನು ಕುಡಿಸುತ್ತ ಬಂದರೆ ಬಹುಮಂದಿ ಬದುಕುತ್ತಾರೆ. ೧೯೭೧ರ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಅವರು ಈ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಶೇಕಡಾ ೩೦ರ ಸುಮಾರಿನಲ್ಲಿದ್ದ ಸಾವು ಶೇಕಡಾ ೪ಕ್ಕಿಂತ ಕೆಳಗಿಳಿಯಿತು. ಔಷಧವೇನೋ ಸಿಕ್ಕಿತು, ಅದನ್ನು ಓದು ಬಾರದ ತಾಯಂದಿರ ಕೈಗೆ ತಲುಪಿಸುವುದು ಹೇಗೆ? ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ನೀರು ಹೆಚ್ಚಾದರೆ ಪ್ರಯೋಜನವಿಲ್ಲ.

೧೯೮೦ರಿಂದ ೧೯೯೦ರವರೆಗೆ ಅಲ್ಲಿಯ ಬ್ರ್ಯಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು ೧ ಕೋಟಿ ೨೦ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ ಇದನ್ನು ಕಲಿಸಿದರು. ಅವರು ಗ್ರಾಮಿನ ಮಾತೆತ್ತಲಿಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು—ಅಳತೆಯ ಸಾಧನ ತಾಯಿಯ ಕೈಯೇ. ನೆನಪಿಡಬೇಕಾದ ಮಾತುಗಳು ಬೆರಳಲ್ಲಿ ಎಣಿಸುವಷ್ಟು. ಎಲ್ಲಕ್ಕಿಂತ ಮೆಚ್ಚಬೇಕಾದುದು ಅವರ ಸಂಬಳದ ಕ್ರಮ. ಕೆಲವು ವಾರಗಳ ಮೇಲೆ ಮತ್ತೊಬ್ಬರು ಬಂದು ಆ ತಾಯಂದಿರಲ್ಲಿ ಕೆಲವರನ್ನು ಪ್ರಶ್ನಿಸುತ್ತಿದ್ದರು. ಅವರು ಬೆರೆಸಿದ ನೀರನ್ನೂ ಪರೀಕ್ಷೆಗೆ ಒಯ್ಯುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದನ್ನನುಸರಿಸಿ ಕಲಿಸಿದವಳಿಗೆ ಹಣ. ತಾಯಿ ಮರೆತರೆ ಅದು ತಾಯಿಯ ದಡ್ಡತನವಲ್ಲ, ಕಲಿಸಿದವಳ ಕೊರತೆ ಎಂದು ಲೆಕ್ಕ ಹಿಡಿದರು. ನಮ್ಮಲ್ಲಿ ಚೀಟಿ ಬರೆಯುವವರಿಗೆ ಈ ರೀತಿ ಸಂಬಳ ಕೊಟ್ಟರೆ ಎಷ್ಟು ಮಂದಿಯ ಒಲೆ ಉರಿದೀತೋ!

ಇದೇ ನೀರಿನ ಸೂಚನೆ ನಮ್ಮಲ್ಲಿ “ಒಂದು ಲೀಟರ್ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು” ಎಂದು ಬಳಕೆಯಲ್ಲಿದೆ. ಚಮಚವೆಂದರೆ ಚಹದ ಚಮಚ. ಇದರಲ್ಲಿ ‘ಮಟ್ಟ’ ಎಂಬ ಎರಡಕ್ಷರವನ್ನು ಗಮನಿಸಿ. ಅದನ್ನು ಬಿಟ್ಟರೆ ಒಬ್ಬಳು ಗೋಪುರದ ಹಾಗೆ ತುಂಬುತ್ತಾಳೆ, ಇನ್ನೊಬ್ಬಳು ಗುಳಿ ಬೀಳುವ ಹಾಗೆ. ಒಂದು ಪದ ಮಗುವಿನ ಪ್ರಾಣವನ್ನು ಕಾಯಬಲ್ಲದೆಂದರೆ ಆ ಪದವನ್ನು ಹುಡುಕಿ ಇಟ್ಟವನನ್ನು ಸಾಹಿತಿ ಎನ್ನಲು ನಮಗೆ ಸಂಕೋಚವೇಕೆ?

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ನೋಡೋಣ. ಶಾಸ್ತ್ರದ ಖಚಿತತೆಗೆ ಪಾರಿಭಾಷಿಕ ಪದಗಳು ಬೇಕೇಬೇಕು ಎನ್ನುತ್ತಾರೆ. ಬೇಕು, ಆದರೆ ಎಲ್ಲಿ? ತಿಳಿಸುವ ಬರಹದಲ್ಲಿ, ಅರ್ಥವನ್ನು ವಿವರಿಸಿದ ಮೇಲೆ. ಮಾಡಿಸುವ ಬರಹದಲ್ಲಿ ಜನರ ಬಾಯಲ್ಲಿರುವ ಪದವೇ ಖಚಿತವಾದದ್ದು. ಫ್ಯೂಸು, ಸ್ಟಾರ್ಟರ್, ವಾಲ್ವು ಇವು ಇಂದು ಹಳ್ಳಿಯ ಕನ್ನಡ. ಅವುಗಳ ಜಾಗದಲ್ಲಿ ನಿಘಂಟಿನಿಂದ ತೆಗೆದ ಹೊಸ ಪದಗಳನ್ನಿಟ್ಟರೆ ಭಾಷಾಭಿಮಾನ ತೃಪ್ತಿಯಾದೀತೇ ಹೊರತು ಮೋಟಾರು ತಿರುಗದು.

ಕಾಯ್ದೆಯ ಮಾತುಗಳನ್ನು ಹಾಗೆಯೇ ಹಾಕಬೇಕಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ಹಾಕಲಿ, ಬೇರೆಯಾಗಿ, ಕೆಳಗೆ. ಮೇಲಿನ ಜಾಗ, ದೊಡ್ಡ ಅಕ್ಷರ ಮಾಡುವವನ ಪಾಲಿಗಿರಲಿ. ಮೂರನೆಯದಾಗಿ, ಈಗ ಎಲ್ಲರ ಕೈಯಲ್ಲೂ ಫೋನಿದೆ, ವೀಡಿಯೋ ನೋಡಿ ಕಲಿಯುತ್ತಾರೆ, ಯಂತ್ರವೇ ಕ್ಷಣದಲ್ಲಿ ಅನುವಾದ ಮಾಡುತ್ತದೆ, ಇನ್ನು ಬರಹವೇಕೆ ಎನ್ನುವವರಿದ್ದಾರೆ. ಕೈಯ ಚಲನೆಯನ್ನು ತೋರಿಸಲು ವೀಡಿಯೋ ಉತ್ತಮ ಸಾಧನವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ವಿಷ ಮೆತ್ತಿದ ಕೈಯಲ್ಲಿ ಫೋನು ತೆಗೆಯಲಾಗದು. ಬರಹವಾದರೋ ಡಬ್ಬಿಯ ಜೊತೆಗೇ ಹೊಲದವರೆಗೂ ಬರುತ್ತದೆ. ವೀಡಿಯೋದಲ್ಲಿ ಆಡುವ ಮಾತನ್ನೂ ಯಾರೋ ಒಬ್ಬರು ಮೊದಲು ಬರೆಯಲೇಬೇಕು. ಇನ್ನು ಯಂತ್ರ ವಾಕ್ಯವನ್ನು ತಿರುಗಿಸಬಲ್ಲದು. ಬದುವಿನ ಮೇಲೆ ನಿಂತು ಎಲೆಅಡಿಕೆಯನ್ನು ಕಂಡು ಬರಲಾರದು.

ಹಾಗಾದರೆ ಮಾಡಬೇಕಾದುದೇನು? ನನ್ನ ಸಲಹೆಗಳು ಮೂರು. ಒಂದು, ಸೂಚನೆಯನ್ನು ಅಚ್ಚಿಗೆ ಕಳುಹಿಸುವ ಮುನ್ನ ಆ ಕೆಲಸ ಮಾಡುವ ಹತ್ತು ಜನರ ಕೈಗೆ ಕೊಟ್ಟು, ಬರೆದವನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು ನೋಡಬೇಕು. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ವಾಕ್ಯವನ್ನು ತಿದ್ದಬೇಕು. ಎರಡು, ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ಇಳಿಸುವ ಬದಲು, ಕೆಲಸ ಬಲ್ಲವನೂ ಕನ್ನಡ ಬಲ್ಲವನೂ ಕೂಡಿ ಕುಳಿತು ಕನ್ನಡದಲ್ಲಿಯೇ ಬರೆಯಬೇಕು. ಮೂರು, ಇದನ್ನು ನಮ್ಮ ಪದವಿ ತರಗತಿಗಳಲ್ಲಿ ಕಲಿಸಬೇಕು. ಪ್ರಬಂಧದ ಜೊತೆಗೆ ವರ್ಷಕ್ಕೊಂದು ಸೂಚನೆಯನ್ನು ವಿದ್ಯಾರ್ಥಿ ಬರೆಯಲಿ: ಸೈಕಲ್ಲಿನ ಪಂಕ್ಚರ್ ತಿದ್ದುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಒಯ್ಯುವುದು. ಅಂಕವನ್ನು ಅಧ್ಯಾಪಕರೊಬ್ಬರೇ ಕೊಡಬೇಕಾಗಿಲ್ಲ. ಅದನ್ನು ಓದಿ ಕೆಲಸ ಮಾಡಿದವನು ಕೊಡಲಿ. “ಯಾವುದಾದರೂ ಐದಕ್ಕೆ ಉತ್ತರಿಸಿ, ಆದರೆ ಒಂದನೆಯದು ಕಡ್ಡಾಯ” ಎಂಬ ಪ್ರಶ್ನೆಪತ್ರಿಕೆಯ ಸೂಚನೆಯ ಮುಂದೆ ಒಂದನೆಯದು ಐದರೊಳಗೋ ಹೊರಗೋ ಎಂದು ಐದು ನಿಮಿಷ ಕಳೆದ ನಮಗೆಲ್ಲ ಈ ಪಾಠದ ಅಗತ್ಯ ಚೆನ್ನಾಗಿ ಗೊತ್ತಿದೆ.

ಬಿ.ಎ. ಓದಿದರೆ ಏನು ಕೆಲಸ ಸಿಕ್ಕೀತು ಎಂದು ನಮ್ಮನ್ನು ಕೇಳದವರಿಲ್ಲ. ಇಂಜಿನಿಯರು ಯಂತ್ರ ಮಾಡುತ್ತಾನೆ, ವೈದ್ಯ ಮದ್ದು ಕೊಡುತ್ತಾನೆ, ನಿಮ್ಮದೇನು ಎನ್ನುತ್ತಾರೆ. ಯಂತ್ರಕ್ಕೂ ಮನುಷ್ಯನಿಗೂ ನಡುವೆ, ಮದ್ದಿಗೂ ರೋಗಿಗೂ ನಡುವೆ, ಸರ್ಕಾರದ ಯೋಜನೆಗೂ ಅದು ಸೇರಬೇಕಾದ ಮನೆಗೂ ನಡುವೆ ಒಂದು ಸೇತುವೆ ಬೇಕು. ಆ ಸೇತುವೆಯನ್ನು ಕಟ್ಟುವ ಸಾಮಗ್ರಿ ಮಾತು. ಮಾತಿನ ವಿದ್ಯೆ ನಮ್ಮದು. ಅದರಲ್ಲಿಯೂ ಹಳ್ಳಿಯಿಂದ ಬಂದು ಪುಸ್ತಕದ ಕನ್ನಡವನ್ನು ಕಲಿತ ವಿದ್ಯಾರ್ಥಿಗೆ ಎರಡು ದಡಗಳೂ ಪರಿಚಿತ. ಊರಿನ ಹತ್ತು ಮಂದಿಗೆ ಕಾಗದ ಓದಿಹೇಳುವುದು ಉಪಕಾರವೆಂಬುದು ನಿಜ. ಅದನ್ನು ನಾವು ಬಿಡಬಾರದು. ಆದರೆ ಯಾರೂ ಓದಿಹೇಳಬೇಕಾಗಿಲ್ಲದ ಕಾಗದವನ್ನು ಬರೆಯುವುದು ಅದಕ್ಕಿಂತ ದೊಡ್ಡ ಉಪಕಾರ. ಸಾವಿರ ವರ್ಷಗಳ ಹಿಂದೆ ಚಾವುಂಡರಾಯನು ತನ್ನ ಗ್ರಂಥಕ್ಕೆ ‘ಲೋಕೋಪಕಾರ’ವೆಂದು ಹೆಸರಿಟ್ಟನು. ಈ ಬಗೆಯ ಬರಹಕ್ಕೆ ಅದಕ್ಕಿಂತ ಒಪ್ಪುವ ಹೆಸರು ಬೇರೆ ಇಲ್ಲ. ಕಲಾ ವಿಭಾಗದ ಮಿತ್ರರು ಈ ಕೆಲಸಕ್ಕೆ ಮನಸ್ಸು ಕೊಡಬೇಕೆಂದು ನನ್ನ ಬಿನ್ನಹ.